ಒಂದು ಬೆರಳಿಗೆ ಎರಡು ರಜ್ಜು ಏಕೆ? ಮೇಲಿನದು ಸೀಳಿಕೊಳ್ಳುವುದು ಏತಕ್ಕೆ?

ಪ್ರಶ್ನೆ – ಫಿಸಿಯೋಥೆರಪಿ ಮೊದಲ ವರ್ಷದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಫಿಸಿಯೋಥೆರಪಿ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಕಳೆದ ವಾರ ನಮಗೆ ಮುಂದೋಳಿನ ಮುಂಭಾಗದ ಛೇದನ ನಡೆಯಿತು. ಬೆರಳುಗಳನ್ನು ಮಡಿಸುವ ಎರಡು ಸ್ನಾಯುಗಳನ್ನು, ಎಂದರೆ ಮೇಲಿನ ಫ್ಲೆಕ್ಸರ್ ಡಿಜಿಟೋರಮ್ ಸೂಪರ್‌ಫಿಶಿಯಾಲಿಸ್ ಮತ್ತು ಅದರ ಅಡಿಯ ಫ್ಲೆಕ್ಸರ್ ಡಿಜಿಟೋರಮ್ ಪ್ರೊಫಂಡಸ್ ಇವೆರಡನ್ನೂ, ಬಿಡಿಸಿ ತೋರಿಸಿದರು. ನಡುಬೆರಳಿನಲ್ಲಿ ರಜ್ಜುಗಳನ್ನು ಸುತ್ತಿರುವ ಕೋಶವನ್ನು ತೆರೆದಾಗ ಮೇಲಿನ ಸ್ನಾಯುವಿನ ರಜ್ಜು, ಎಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ಎರಡಾಗಿ ಸೀಳಿಕೊಂಡಿರುವುದನ್ನೂ, ಆ ಸೀಳಿನ ನಡುವಿನಿಂದ ಒಳಗಿನ ಸ್ನಾಯುವಿನ ರಜ್ಜು ಹೊರಬಂದು ಬೆರಳ ತುದಿಯವರೆಗೆ ಹೋಗಿರುವುದನ್ನೂ ಕಂಡೆ. ಚಿತ್ರವನ್ನು ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದೆ. ಆದರೆ ಸೂಜಿಯ ಕಣ್ಣಿಗೆ ದಾರ ಪೋಣಿಸಿದಂತಿದ್ದ ಆ ಜೋಡಣೆಯನ್ನು ಎದುರಿಗೆ ಕಂಡಾಗ ಅಲ್ಲಿಂದ ಏಳುವುದಕ್ಕೆ ಮನಸ್ಸಾಗಲಿಲ್ಲ.

ಅಂದಿನಿಂದ ಒಂದು ಸಂಶಯ ಕಾಡುತ್ತಿದೆ. ಒಳಗಿನ ಪ್ರೊಫಂಡಸ್ ಬೆರಳಿನ ಮೂರೂ ಗೆಣ್ಣುಗಳನ್ನು ದಾಟಿ ತುದಿಯ ಎಲುಬಿಗೆ ಅಂಟಿಕೊಳ್ಳುತ್ತದೆ. ಹಾಗಿದ್ದ ಮೇಲೆ ಅದೊಂದೇ ಎಳೆದರೂ ಬೆರಳು ಪೂರ್ತಿಯಾಗಿ ಮಡಿಯಬೇಕು. ನಡುವಿನ ಎಲುಬಿನವರೆಗೆ ಮಾತ್ರ ಹೋಗುವ ಇನ್ನೊಂದು ಸ್ನಾಯು ಏಕೆ ಬೇಕು? ಬೇಕೆಂದೇ ಇಟ್ಟುಕೊಂಡರೂ, ಅದು ಮೇಲೆ ಕುಳಿತು, ಸೀಳಿಕೊಂಡು, ಒಳಗಿನದಕ್ಕೆ ದಾರಿ ಬಿಡುವ ಬದಲು ಮೊದಲೇ ಅಡಿಯಲ್ಲಿದ್ದಿದ್ದರೆ ಈ ತೊಡಕು ಇರುತ್ತಿರಲಿಲ್ಲವಲ್ಲ?

ಇನ್ನೊಂದು ವಿಷಯ ನನ್ನ ಕೈಗೇ ಸಂಬಂಧಿಸಿದ್ದು. ಮೇಲಿನ ಸ್ನಾಯುವನ್ನು ಪರೀಕ್ಷಿಸುವ ಕ್ರಮವನ್ನು ಕಲಿಸುವಾಗ, ಉಳಿದ ಮೂರು ಬೆರಳುಗಳನ್ನು ನೇರವಾಗಿ ಹಿಡಿದಿಟ್ಟು, ಬಿಟ್ಟ ಬೆರಳೊಂದನ್ನೇ ನಡುಗೆಣ್ಣಿನಲ್ಲಿ ಮಡಿಸಲು ಹೇಳಿದರು. ನನ್ನ ನಡುಬೆರಳು ಮತ್ತು ಉಂಗುರ ಬೆರಳು ಸುಲಭವಾಗಿ ಮಡಿದವು. ಬಲಗೈಯ ಕಿರುಬೆರಳು ಮಾತ್ರ ಎಷ್ಟು ಪ್ರಯತ್ನಪಟ್ಟರೂ ನಡುಗೆಣ್ಣಿನಲ್ಲಿ ಮಡಿಯಲೇ ಇಲ್ಲ. ಬುಡದಲ್ಲಿ ಬಾಗಿ ನಿಂತುಬಿಟ್ಟಿತು. ನನಗೆ ಆ ಬೆರಳಿಗೆ ಎಂದೂ ಪೆಟ್ಟು ಬಿದ್ದಿಲ್ಲ. ಮುಷ್ಟಿ ಕಟ್ಟಿದರೆ ಎಲ್ಲ ಬೆರಳುಗಳ ಜೊತೆ ಅದೂ ಸರಿಯಾಗಿ ಮಡಿಯುತ್ತದೆ. ಇದು ದೋಷವೇ? ತಿಳಿದವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 – ನಿವೃತ್ತ ಅಂಗರಚನಾಶಾಸ್ತ್ರ ಅಧ್ಯಾಪಕ

ಮೊದಲು ಪದಗಳ ಬಗ್ಗೆ ಒಂದು ಮಾತು. ಇಂದಿನ ಕನ್ನಡದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಆಯುರ್ವೇದದ ಹಳೆಯ ಪರಿಭಾಷೆಯಲ್ಲಾದರೋ ಮಾಂಸಖಂಡಕ್ಕೆ ಪೇಶಿ ಎಂದು ಹೆಸರು. ಸ್ನಾಯು ಎಂದರೆ ಕೀಲುಗಳನ್ನು ಬಿಗಿಯುವ ನಾರು, ಕಂಡರಾ ಎಂದರೆ ದಪ್ಪ ಹುರಿ. ಎರಡೂ ಬಗೆಯ ಪುಸ್ತಕಗಳನ್ನು ಓದುವ ವಿದ್ಯಾರ್ಥಿಗಳು ಇಲ್ಲಿ ಎಡವುವುದನ್ನು ನಾನು ಬಹಳ ವರ್ಷ ಕಂಡಿದ್ದೇನೆ. ನೀವು ಬಳಸಿದ ಸ್ನಾಯು ಮತ್ತು ರಜ್ಜು ಎಂಬ ಪದಗಳನ್ನೇ ನಾನೂ ಬಳಸುತ್ತೇನೆ.

ಮೇಲಿನ ಸ್ನಾಯು ಮುಂದೋಳಿನ ಮುಂಭಾಗದಲ್ಲಿ ನಡುವಿನ ಪದರವಾಗಿ ಮಲಗಿದೆ. ಅದಕ್ಕೆ ಎರಡು ತಲೆಗಳು. ಒಂದು, ಮೊಣಕೈಯ ಒಳಬದಿಯಲ್ಲಿ ಕೈಗೆ ಸಿಗುವ ತೋಳೆಲುಬಿನ ಉಬ್ಬಿನಿಂದಲೂ, ಅಲ್ಲಿನ ಅಸ್ಥಿಬಂಧದಿಂದಲೂ, ಮುಂದೋಳಿನಲ್ಲಿ ಕಿರುಬೆರಳಿನ ಕಡೆಗಿರುವ ಅಲ್ನಾ ಎಲುಬಿನ ಕೊರೊನಾಯ್ಡ್ ಎಂಬ ಚಾಚಿನ ಒಳ ಅಂಚಿನಿಂದಲೂ ಹೊರಡುತ್ತದೆ. ಇನ್ನೊಂದು, ಹೆಬ್ಬೆರಳಿನ ಕಡೆಗಿರುವ ರೇಡಿಯಸ್ ಎಲುಬಿನ ಮುಂಭಾಗದ ಓರೆ ಗೆರೆಯಿಂದ ತೆಳುವಾದ ಹಾಳೆಯಂತೆ ಹೊರಡುತ್ತದೆ. ಈ ಎರಡು ತಲೆಗಳ ನಡುವೆ ಒಂದು ನಾರಿನ ಕಮಾನು ಇದೆ. ಮೀಡಿಯನ್ ನರವೂ ಅಲ್ನಾರ್ ಅಪಧಮನಿಯೂ ಆ ಕಮಾನಿನ ಅಡಿಯಲ್ಲಿ ನುಸುಳಿಯೇ ಮುಂದೋಳಿನೊಳಗೆ ಇಳಿಯಬೇಕು. ಮುಂದಿನ ಸಲ ಛೇದನಕ್ಕೆ ಕುಳಿತಾಗ ಈ ಸ್ನಾಯುವನ್ನು ನಿಧಾನವಾಗಿ ಎತ್ತಿ ನೋಡಿ: ಮೀಡಿಯನ್ ನರ ಅದರ ಅಡಿಭಾಗಕ್ಕೆ ಅಂಟಿಕೊಂಡಿದ್ದು, ಸ್ನಾಯುವಿನ ಜೊತೆಗೇ ಮೇಲೆದ್ದು ಬರುತ್ತದೆ. ಅವಸರದಲ್ಲಿ ಸ್ನಾಯುವನ್ನು ಕತ್ತರಿಸುವ ವಿದ್ಯಾರ್ಥಿಗಳು ನರವನ್ನೂ ಕತ್ತರಿಸಿಬಿಡುವುದು ಇದೇ ಕಾರಣದಿಂದ. ಮಣಿಕಟ್ಟಿಗೆ ಸುಮಾರು 5 ಸೆಂಟಿಮೀಟರ್ ಮೇಲಷ್ಟೇ ಆ ನರ ಹೆಬ್ಬೆರಳಿನ ಕಡೆಯ ಅಂಚಿನಿಂದ ಹೊರಬಂದು ಮೇಲ್ಮಟ್ಟಕ್ಕೆ ಏರುತ್ತದೆ.

ಸ್ನಾಯುವಿನ ಒಡಲು ಕೆಳಗಿಳಿಯುತ್ತ ತಾನೇ ಎರಡು ಪದರಗಳಾಗುತ್ತದೆ. ಮೇಲ್ಪದರದಿಂದ ನಡುಬೆರಳು ಮತ್ತು ಉಂಗುರ ಬೆರಳಿನ ರಜ್ಜುಗಳು, ಕೆಳಪದರದಿಂದ ತೋರುಬೆರಳು ಮತ್ತು ಕಿರುಬೆರಳಿನ ರಜ್ಜುಗಳು ಹುಟ್ಟುತ್ತವೆ. ಮಣಿಕಟ್ಟಿನಲ್ಲಿಯೂ ಅದೇ ಕ್ರಮ: ಎರಡು ಮುಂದೆ, ಎರಡು ಹಿಂದೆ. ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ನಿಮ್ಮ ನಾಲ್ಕು ಬೆರಳುಗಳನ್ನು ಚಾಚಿ, ತೋರುಬೆರಳನ್ನೂ ಕಿರುಬೆರಳನ್ನೂ ಉಳಿದೆರಡರ ಹಿಂದಕ್ಕೆ ಸರಿಸಿ ಒತ್ತಿಕೊಳ್ಳಿ; ರಜ್ಜುಗಳು ಮಲಗಿರುವುದು ಹಾಗೆಯೇ. ಅವುಗಳ ಹಿಂದೆ ಪ್ರೊಫಂಡಸ್‌ನ ನಾಲ್ಕು, ಪಕ್ಕದಲ್ಲಿ ಹೆಬ್ಬೆರಳಿನ ಉದ್ದನೆಯ ಮಡಿಕೆ ಸ್ನಾಯುವಿನದು ಒಂದು, ಒಟ್ಟು ಒಂಬತ್ತು ರಜ್ಜುಗಳು ಮೀಡಿಯನ್ ನರದ ಜೊತೆಗೆ ಕಾರ್ಪಲ್ ಟನಲ್ ಎಂಬ ಇಕ್ಕಟ್ಟಾದ ಸುರಂಗವನ್ನು ಹಾಯುತ್ತವೆ.

ಈಗ ಸೀಳಿನ ವಿಚಾರ. ಬೆರಳಿನ ಮೊದಲ ಎಲುಬಿನ ಎದುರಿಗೆ ಬಂದಾಗ ಮೇಲಿನ ರಜ್ಜು ಎರಡು ಎಳೆಗಳಾಗುತ್ತದೆ. ಪ್ರತಿ ಎಳೆಯೂ ಒಳಗಿನ ರಜ್ಜುವಿನ ಪಕ್ಕದಿಂದ ಬಳಸಿಕೊಂಡು ಹಿಂದಕ್ಕೆ ಹೋಗುತ್ತ ತನ್ನಷ್ಟಕ್ಕೆ ತಿರುಚಿಕೊಳ್ಳುತ್ತದೆ. ಮೊದಲು ಚರ್ಮದ ಕಡೆ ನೋಡುತ್ತಿದ್ದ ಮುಖ ಕೊನೆಗೆ ಎಲುಬಿನ ಕಡೆ ನೋಡುತ್ತದೆ. ಒಳಗಿನ ರಜ್ಜುವಿನ ಹಿಂದೆ ಎರಡೂ ಎಳೆಗಳು ಮತ್ತೆ ಸೇರುತ್ತವೆ, ಕೆಲವು ನಾರುಗಳು ಅಡ್ಡಹಾಯ್ದು ಎದುರು ಬದಿಗೆ ದಾಟುತ್ತವೆ, ಅನಂತರ ನಡು ಎಲುಬಿನ ಎರಡು ಅಂಚುಗಳಿಗೆ ಅಂಟಿಕೊಳ್ಳುತ್ತವೆ. ಅಡ್ಡಹಾಯುವ ಆ ಜಾಗಕ್ಕೆ 18ನೆಯ ಶತಮಾನದ ಡಚ್ ಅಂಗರಚನಾಶಾಸ್ತ್ರಜ್ಞ ಪೆಟ್ರಸ್ ಕ್ಯಾಂಪರ್‌ನ ಹೆಸರಿದೆ. ಹೀಗೆ ಸೇರಿದ ಎಳೆಗಳು ಒಳಗಿನ ರಜ್ಜು ಜಾರುವುದಕ್ಕೆ ಒಂದು ಹಳ್ಳದಂಥ ಹಾಸನ್ನು ಒದಗಿಸುತ್ತವೆ.

ಮೇಲಿನದು ಮೊದಲೇ ಅಡಿಯಲ್ಲಿದ್ದಿದ್ದರೆ ಎಂದು ಕೇಳಿದಿರಿ. ಗೆಣ್ಣಿನ ಅಚ್ಚಿನಿಂದ ರಜ್ಜು ಎಷ್ಟು ದೂರದಲ್ಲಿದೆಯೋ ಅಷ್ಟು ಹೆಚ್ಚು ಅದರ ಸನ್ನೆಬಲ. ಬೆರಳಿನ ಬುಡದ ಗೆಣ್ಣಿನಲ್ಲಿ ಮೇಲಿನ ರಜ್ಜು ಅಂಗೈ ಕಡೆಗೆ, ಎಂದರೆ ಅಚ್ಚಿನಿಂದ ದೂರಕ್ಕೆ, ಇರುವುದರಿಂದ ಅಲ್ಲಿ ಅದರ ಎಳೆತಕ್ಕೆ ಹೆಚ್ಚಿನ ಫಲ ಸಿಗುತ್ತದೆ. ಸೀಳಿನ ಆಚೆಗೆ ಸ್ಥಾನಗಳು ಅದಲುಬದಲಾಗಿ, ಇನ್ನೂ ಮುಂದೆ ಹೋಗಬೇಕಾದ ಒಳಗಿನ ರಜ್ಜು ಅಂಗೈ ಕಡೆಗೆ ಬರುತ್ತದೆ. ಇನ್ನು, ಎರಡರಲ್ಲೊಂದು ಪಕ್ಕಕ್ಕೆ ಸರಿದು ಇನ್ನೊಂದಕ್ಕೆ ದಾರಿ ಬಿಟ್ಟಿದ್ದರೆ, ಎಳೆದಾಗಲೆಲ್ಲ ಬೆರಳು ಆ ಪಕ್ಕಕ್ಕೆ ವಾಲುತ್ತಿತ್ತು. ಸೀಳಿಕೊಂಡು ಎರಡೂ ಅಂಚುಗಳಿಗೆ ಸಮನಾಗಿ ಅಂಟಿಕೊಂಡದ್ದರಿಂದ ಎರಡು ರಜ್ಜುಗಳ ಎಳೆತವೂ ಬೆರಳಿನ ನಡುಗೆರೆಯಲ್ಲಿಯೇ ಉಳಿಯುತ್ತದೆ. ಇದೇ ಏರ್ಪಾಡನ್ನು ಪಾದದಲ್ಲಿಯೂ ಕಾಣಬಹುದು: ಅಂಗಾಲಿನ ಫ್ಲೆಕ್ಸರ್ ಡಿಜಿಟೋರಮ್ ಬ್ರೆವಿಸ್ ತನ್ನ ರಜ್ಜುಗಳನ್ನು ಸೀಳಿಕೊಂಡು ಉದ್ದನೆಯ ಮಡಿಕೆ ಸ್ನಾಯುವಿಗೆ ದಾರಿ ಬಿಡುತ್ತದೆ.

ನಿಮ್ಮ ಕಣ್ಣನ್ನು ಹಿಡಿದಿಟ್ಟ ಈ ಸ್ನಾಯು ಚಿತ್ರಕಾರರ ಕಣ್ಣನ್ನೂ ಹಿಡಿದಿಟ್ಟಿದೆ. 1632ರಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ, ಈಗ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಅಂಗರಚನೆಯ ಪಾಠ ಹೇಳುತ್ತಿರುವ ಡಾ. ಟುಲ್ಪ್ ಬಲಗೈಯ ಚಿಮುಟದಿಂದ ಶವದ ಮುಂದೋಳಿನ ಬೆರಳು ಮಡಿಸುವ ಸ್ನಾಯುಗಳನ್ನೇ ಎತ್ತಿ ಹಿಡಿದಿದ್ದಾರೆ. ಅವರ ಎಡಗೈಯ ಬೆರಳುಗಳು ಅದೇ ಸ್ನಾಯು ಮಾಡುವ ಕೆಲಸವನ್ನು ಅಭಿನಯಿಸುತ್ತಿವೆ. ಸ್ನಾಯುವಿನ ಹುಟ್ಟನ್ನು ಮೊಣಕೈಯ ಯಾವ ಬದಿಗೆ ಚಿತ್ರಿಸಲಾಗಿದೆ ಎಂಬ ಬಗ್ಗೆ ವೈದ್ಯರಲ್ಲಿ ಚರ್ಚೆ ನಡೆದಿದೆಯಾದರೂ, ರಚನೆಯನ್ನೂ ಕ್ರಿಯೆಯನ್ನೂ ಒಂದೇ ಕ್ಷಣದಲ್ಲಿ ತೋರಿಸಿದ ಆ ಪಾಠದ ಕ್ರಮ ನನಗೆ ಇಂದಿಗೂ ಮೆಚ್ಚುಗೆ.

ಕಿರುಬೆರಳಿನ ವಿಷಯದಲ್ಲಿ ಹೆದರಬೇಡಿ. ಅದಕ್ಕೆ ಹೋಗುವ ಮೇಲಿನ ರಜ್ಜು ನಾಲ್ಕರಲ್ಲಿ ಅತ್ಯಂತ ಸಪೂರವಾದುದು. ಕೆಲವರಲ್ಲಿ ಅದು ಇರುವುದೇ ಇಲ್ಲ. ಕೆಲವರಲ್ಲಿ ಉಂಗುರ ಬೆರಳಿನ ರಜ್ಜುವಿಗೆ ಹೆಣೆದುಕೊಂಡಿರುತ್ತದೆ. ಪರೀಕ್ಷೆಯನ್ನು ಸ್ವಲ್ಪ ಬದಲಿಸಿ ಮಾಡಿ: ತೋರುಬೆರಳು ಮತ್ತು ನಡುಬೆರಳುಗಳನ್ನು ಮಾತ್ರ ಹಿಡಿದಿಟ್ಟು, ಉಂಗುರ ಬೆರಳನ್ನು ಕಿರುಬೆರಳಿನ ಜೊತೆ ಮಡಿಯಲು ಬಿಡಿ. ಏನಾಯಿತೆಂದು ಇಲ್ಲಿಯೇ ಬರೆಯಿರಿ.

ಉತ್ತರ 2 – ಕೈ ಶಸ್ತ್ರಚಿಕಿತ್ಸಕಿ

ಗುರುಗಳು ರಚನೆಯನ್ನು ವಿವರಿಸಿದ್ದಾರೆ. ಎರಡನೆಯ ಸ್ನಾಯು ಏಕೆ ಬೇಕೆಂಬ ಪ್ರಶ್ನೆಗೆ ನಾನು ಚಿಕಿತ್ಸೆಯ ಕಡೆಯಿಂದ ಉತ್ತರಿಸಲು ಪ್ರಯತ್ನಿಸುತ್ತೇನೆ.

ನೀವು ಊಹಿಸಿದ್ದು ಅರ್ಧ ಸರಿ. ಭಾರವಿಲ್ಲದೆ ಮೆಲ್ಲಗೆ ಮುಷ್ಟಿ ಕಟ್ಟುವಾಗ ಹೆಚ್ಚಿನ ಕೆಲಸವನ್ನು ಪ್ರೊಫಂಡಸ್ಸೇ ಮಾಡುತ್ತದೆ. ಬಿಗಿಯಾಗಿ ಹಿಡಿಯಬೇಕಾದಾಗ, ಬಾವಿಯ ಹಗ್ಗ ಸೇದುವಾಗ ಅಥವಾ ತುಂಬಿದ ಕೊಡ ಎತ್ತುವಾಗ, ಮೇಲಿನ ಸ್ನಾಯು ಬಲವಾಗಿ ಕೂಡಿಕೊಳ್ಳುತ್ತದೆ. ಇನ್ನೊಂದು ಕಾರಣ ಸ್ವಾತಂತ್ರ್ಯ. ಪ್ರೊಫಂಡಸ್‌ನಲ್ಲಿ ನಡು, ಉಂಗುರ ಮತ್ತು ಕಿರುಬೆರಳುಗಳಿಗೆ ಬಹುಮಟ್ಟಿಗೆ ಒಂದೇ ಒಡಲು; ಒಂದನ್ನು ಹಿಡಿದಿಟ್ಟರೆ ಉಳಿದವು ಪೂರ್ತಿ ಮಡಿಯಲಾರವು. ಮೇಲಿನ ಸ್ನಾಯುವಿನಲ್ಲಿ ಬೆರಳು ಬೆರಳಿಗೂ ಬೇರೆ ಬೇರೆ ನಾರಿನ ಕಟ್ಟುಗಳಿರುವುದರಿಂದ ಅದು ಒಂದೊಂದು ಬೆರಳನ್ನೂ ಪ್ರತ್ಯೇಕವಾಗಿ ಮಡಿಸಬಲ್ಲದು. ನಿಮಗೆ ಕಲಿಸಿದ ಪರೀಕ್ಷೆ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ: ಮೂರು ಬೆರಳುಗಳನ್ನು ನೇರವಾಗಿ ಹಿಡಿದಾಗ ಪ್ರೊಫಂಡಸ್ ಕಟ್ಟುಬೀಳುತ್ತದೆ, ಉಳಿದ ಬೆರಳನ್ನು ಮಡಿಸಬಲ್ಲದ್ದು ಮೇಲಿನ ಸ್ನಾಯು ಮಾತ್ರ. ಆಗ ಆ ಬೆರಳಿನ ತುದಿಗೆಣ್ಣನ್ನು ಅಲುಗಿಸಿ ನೋಡಿ. ಅದು ಬಲವಿಲ್ಲದೆ ಜೋತಾಡುತ್ತದೆ.

ಇಡೀ ಸ್ನಾಯು ಅಗತ್ಯವಾದದ್ದೇ ಆದರೂ, ಅದರ ಒಂದು ರಜ್ಜುವನ್ನು ತೆಗೆದುಕೊಂಡರೆ ಕೈ ಸಹಿಸಿಕೊಳ್ಳುತ್ತದೆ. ಇದನ್ನು ನಮಗೆ ಕಲಿಸಿದ ಇತಿಹಾಸ ನಮ್ಮ ನೆರೆಯಲ್ಲಿಯೇ ನಡೆದಿದೆ. ಕುಷ್ಠರೋಗದಲ್ಲಿ ಅಲ್ನಾರ್ ನರ ನಾಶವಾದಾಗ ಅಂಗೈಯೊಳಗಿನ ಸಣ್ಣ ಸ್ನಾಯುಗಳು ಸೊರಗಿ, ಬೆರಳುಗಳು ಬುಡದಲ್ಲಿ ಹಿಂದಕ್ಕೆ ಬಾಗಿ, ನಡುವಿನಲ್ಲಿ ಮಡಿದು, ಹಕ್ಕಿಯ ಉಗುರಿನಂತಾಗುತ್ತವೆ. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಪಾಲ್ ಬ್ರ್ಯಾಂಡ್ ಅವರು ಇಂಥ ಕೈಗಳಿಗೆ ರಜ್ಜು ಸ್ಥಳಾಂತರದ ಶಸ್ತ್ರಚಿಕಿತ್ಸೆ ಆರಂಭಿಸಿದಾಗ ಮೊದಲು ಬಳಸಿಕೊಂಡದ್ದು ಇದೇ ಮೇಲಿನ ಸ್ನಾಯುವಿನ ರಜ್ಜುವನ್ನು. ಬೆರಳಿನಿಂದ ಅದನ್ನು ಬಿಡಿಸಿ, ಎಳೆಗಳಾಗಿ ಸೀಳಿ, ಅಂಗೈಯ ಮೂಲಕ ಹಾಯಿಸಿ ಬೆರಳುಗಳ ಪಕ್ಕದ ಪಟ್ಟಿಗೆ ಹೊಲಿದರೆ, ಅದು ಸೊರಗಿದ ಸಣ್ಣ ಸ್ನಾಯುಗಳ ಕೆಲಸವನ್ನು ವಹಿಸಿಕೊಳ್ಳುತ್ತದೆ. ಮೀಡಿಯನ್ ನರ ಮಣಿಕಟ್ಟಿನಲ್ಲಿ ಹಾಳಾಗಿ ಹೆಬ್ಬೆರಳು ಎದುರು ಬಾರದಿದ್ದಾಗ ಉಂಗುರ ಬೆರಳಿನ ಮೇಲಿನ ರಜ್ಜುವನ್ನು ಹೆಬ್ಬೆರಳಿಗೆ ಕೂಡಿಸುವ ಪದ್ಧತಿ ಇಂದಿಗೂ ಇದೆ. ರಜ್ಜು ಕೊಟ್ಟ ಬೆರಳು ಪ್ರೊಫಂಡಸ್‌ನ ಬಲದಿಂದ ಮಡಿಯುತ್ತಲೇ ಇರುತ್ತದೆ. ಆದರೆ ಅದಕ್ಕೂ ನಷ್ಟವಿದೆ: ಹಿಡಿತ ತುಸು ಕುಗ್ಗುತ್ತದೆ, ಕೆಲವರಲ್ಲಿ ನಡುಗೆಣ್ಣು ಕ್ರಮೇಣ ಹಿಂದಕ್ಕೆ ಬಾಗತೊಡಗುತ್ತದೆ. ಆ ಗೆಣ್ಣು ಹಿಂದಕ್ಕೆ ಜಾರದಂತೆ ಮುಂದಿನಿಂದ ಹಿಡಿದಿಡುವುದು ಕೂಡ ಮೇಲಿನ ರಜ್ಜುವಿನ ಕೆಲಸ ಎಂಬುದು ಅದನ್ನು ತೆಗೆದ ಮೇಲೆಯೇ ಗೋಚರಿಸುತ್ತದೆ.

ಈ ಚರ್ಚೆಯನ್ನು ಓದುವ ವೈದ್ಯರಲ್ಲದವರಿಗಾಗಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಆಡುಮಾತಿನಲ್ಲಿ ನರ ಎಂಬ ಒಂದೇ ಪದ ರಕ್ತನಾಳಕ್ಕೂ ಸ್ನಾಯುರಜ್ಜುವಿಗೂ ನಿಜವಾದ ನರಕ್ಕೂ ಸಲ್ಲುತ್ತದೆ. ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡವರು, ಹಿಡಿದ ಗಾಜಿನ ಲೋಟ ಒಡೆದು ಗಾಯವಾದವರು, ನರ ಕಡಿದಿದೆಯಂತೆ ಎಂದು ಹೇಳಿಕೊಂಡು ಬರುತ್ತಾರೆ. ಯಾವುದು ಕಡಿದಿದೆ ಎಂಬುದು ಪರೀಕ್ಷಿಸಿದಾಗಲೇ ಗೊತ್ತಾಗುವುದು. ಮೇಲಿನ ರಜ್ಜು ಮಾತ್ರ ಕಡಿದಿದ್ದರೆ ಒಳಗಿನದು ಬೆರಳನ್ನು ಮಡಿಸುತ್ತಲೇ ಇರುವುದರಿಂದ ಎಲ್ಲವೂ ಸರಿಯಿದೆಯೆಂದು ಚರ್ಮ ಹೊಲಿದು ಕಳುಹಿಸಿಬಿಡುವ ಅಪಾಯವಿದೆ. ಎರಡೂ ಕಡಿದಿದ್ದರೂ ಬುಡದ ಗೆಣ್ಣು ಅಂಗೈಯ ಸಣ್ಣ ಸ್ನಾಯುಗಳಿಂದ ಬಾಗುತ್ತದೆ. ಅದನ್ನು ನೋಡಿ ಬೆರಳು ಆಡುತ್ತಿದೆ ಎಂದು ಮನೆಯವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ನಡುಗೆಣ್ಣನ್ನೂ ತುದಿಗೆಣ್ಣನ್ನೂ ಒಂದೊಂದಾಗಿ ಪರೀಕ್ಷಿಸದೆ ಯಾವ ಬೆರಳಿನ ಗಾಯವನ್ನೂ ಸಣ್ಣದೆಂದು ಹೇಳಬಾರದು.

ನೋವಿನಿಂದ ಅಳುವ ಮಗು ಹೇಳಿದಂತೆ ಬೆರಳು ಮಡಿಸುವುದಿಲ್ಲ. ಆಗ ಕೈ ಸುಮ್ಮನೆ ಮಲಗಿರುವ ಭಂಗಿಯನ್ನು ನೋಡಬೇಕು. ಆರೋಗ್ಯವಾದ ಕೈಯಲ್ಲಿ ತೋರುಬೆರಳಿನಿಂದ ಕಿರುಬೆರಳಿನ ಕಡೆಗೆ ಮಡಿಕೆ ಕ್ರಮವಾಗಿ ಹೆಚ್ಚುತ್ತ ಹೋಗುತ್ತದೆ. ರಜ್ಜುಗಳು ಕಡಿದ ಬೆರಳು ಆ ಸಾಲನ್ನು ಮುರಿದು ನೆಟ್ಟಗೆ ಚಾಚಿಕೊಂಡಿರುತ್ತದೆ. ಮುಂದೋಳಿನ ಮಾಂಸಲ ಭಾಗವನ್ನು ಮೆಲ್ಲಗೆ ಹಿಸುಕಿದರೆ ರಜ್ಜು ಉಳಿದಿರುವ ಬೆರಳುಗಳು ತಾವಾಗಿ ಮಡಿಯುತ್ತವೆ, ಕಡಿದದ್ದು ಮಡಿಯುವುದಿಲ್ಲ. ಮರಗಟ್ಟಿಸುವ ಚುಚ್ಚುಮದ್ದು ಕೊಡುವ ಮೊದಲೇ ಬೆರಳಿನ ಪಕ್ಕದಲ್ಲಿ ಹಾಯುವ ಸ್ಪರ್ಶದ ನರಗಳನ್ನು ಪರೀಕ್ಷಿಸಬೇಕೆಂಬುದನ್ನೂ ಮರೆಯಬಾರದು.

ನಿಮ್ಮನ್ನು ಬೆರಗುಗೊಳಿಸಿದ ಆ ಸೀಳೇ ನಮಗೆ ಶಸ್ತ್ರಚಿಕಿತ್ಸೆಯಲ್ಲಿ ಅತ್ಯಂತ ಕಷ್ಟದ ಜಾಗ. ಅಂಗೈಯ ಮುಂಗೆರೆಯಿಂದ ನಡು ಎಲುಬಿನವರೆಗೆ ಎರಡು ರಜ್ಜುಗಳು ಒಂದರೊಳಗೊಂದು ಹೆಣೆದುಕೊಂಡು ಬಿಗಿಯಾದ ಕೋಶದಲ್ಲಿ ಓಡಾಡುತ್ತವೆ. ಅಲ್ಲಿ ಹೊಲಿದರೆ ಎರಡೂ ಪರಸ್ಪರ ಅಂಟಿಕೊಂಡು ಬೆರಳು ಮರದಂತಾಗುತ್ತಿತ್ತು. ಅಮೆರಿಕದ ಕೈ ಶಸ್ತ್ರಚಿಕಿತ್ಸಕ ಸ್ಟರ್ಲಿಂಗ್ ಬನೆಲ್ ಆ ಜಾಗವನ್ನು ಯಾರೂ ಕಾಲಿಡಬಾರದ ನೆಲವೆಂಬ ಅರ್ಥದಲ್ಲಿ ಹೆಸರಿಸಿದ್ದರು. ತತ್‌ಕ್ಷಣ ಹೊಲಿಯದೆ, ಮುಂದೆ ಬೇರೆ ರಜ್ಜುವನ್ನು ಕಸಿ ಮಾಡುವುದೇ ಬಹುಕಾಲ ನಿಯಮವಾಗಿತ್ತು. 1960ರ ದಶಕದಲ್ಲಿ ಲೂಯಿವಿಲ್ ನಗರದ ಹೆರಾಲ್ಡ್ ಕ್ಲೈನರ್ಟ್ ಮತ್ತು ಅವರ ಸಂಗಡಿಗರು ಮೊದಲ ಹಂತದಲ್ಲಿಯೇ ಹೊಲಿದು, ರಬ್ಬರ್ ಬ್ಯಾಂಡಿನ ನೆರವಿನಿಂದ ಬೆರಳನ್ನು ಬೇಗ ಆಡಿಸತೊಡಗಿ ಒಳ್ಳೆಯ ಫಲ ತೋರಿಸಿದ ಮೇಲೆ ಆ ನಿಯಮ ಬದಲಾಯಿತು. ಹೊಲಿಯುವುದಷ್ಟೇ ಸಾಲದು, ಹೊಲಿದದ್ದು ಜಾರಬೇಕು. ಆ ಎರಡನೆಯ ಭಾಗ ನಿಮ್ಮ ವೃತ್ತಿಯವರ ಕೈಯಲ್ಲಿದೆ.

ಉತ್ತರ 3 – ಬಂಡೆ ಏರುವ ಹವ್ಯಾಸದವನು

ನಾನು ವೈದ್ಯನಲ್ಲ. ಬಾದಾಮಿಯ ಮರಳುಗಲ್ಲಿನ ಬಂಡೆಗಳನ್ನು ಏರುವವರ ಪೈಕಿ ಒಬ್ಬ. ಅಲ್ಲಿನ ಸಣ್ಣ ಅಂಚುಗಳನ್ನು ಹಿಡಿಯುವಾಗ ನಡುಗೆಣ್ಣನ್ನು ಸುಮಾರು 90 ಡಿಗ್ರಿ ಮಡಿಸಿ, ತುದಿಗೆಣ್ಣನ್ನು ಹಿಂದಕ್ಕೆ ಒತ್ತಿ, ದೇಹದ ಭಾರವನ್ನೆಲ್ಲ ಬೆರಳ ತುದಿಗಳ ಮೇಲೆ ಬಿಡುತ್ತೇವೆ. ಎರಡು ವರ್ಷದ ಹಿಂದೆ ಹಾಗೆ ಹಿಡಿದಿದ್ದಾಗ ನನ್ನ ಎಡ ಉಂಗುರ ಬೆರಳಿನಲ್ಲಿ ಪಟ್ ಎಂದು ಸದ್ದಾಯಿತು. ರಜ್ಜು ಹರಿಯಿತೆಂದೇ ತಿಳಿದೆ. ಆದರೆ ಬೆರಳು ಮಡಿಯುತ್ತಿತ್ತು. ಹರಿದದ್ದು ರಜ್ಜುವಲ್ಲ, ಅದನ್ನು ಎಲುಬಿಗೆ ಒತ್ತಿ ಹಿಡಿಯುವ ಉಂಗುರದಂಥ ಪಟ್ಟಿ ಎಂದು ವೈದ್ಯರು ವಿವರಿಸಿದರು. ಗಾಳದ ಕೋಲಿನ ಉದ್ದಕ್ಕೂ ದಾರವನ್ನು ಹಿಡಿದಿಡುವ ಬಳೆಗಳನ್ನು ನೆನೆದರೆ ಸಾಕು. ಬಳೆ ಕಳಚಿದರೆ ದಾರ ಕೋಲನ್ನು ಬಿಟ್ಟು ಬಿಲ್ಲಿನ ಹೆದೆಯಂತೆ ದೂರ ನಿಲ್ಲುತ್ತದೆ. ಇಂಥ ಐದು ಪಟ್ಟಿಗಳಲ್ಲಿ ಮೊದಲ ಎಲುಬಿನ ಮೇಲಿನ ಎರಡನೆಯದು ಮತ್ತು ನಡು ಎಲುಬಿನ ಮೇಲಿನ ನಾಲ್ಕನೆಯದು ಅತಿ ಮುಖ್ಯವಂತೆ. ನನಗೆ ಹರಿದದ್ದು ಎರಡನೆಯದು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ, ಬೆರಳಿನ ಹೊರಗೆ ಉಂಗುರದಂಥ ಆಸರೆಪಟ್ಟಿ ತೊಟ್ಟು, ಹಲವು ತಿಂಗಳು ತಾಳ್ಮೆಯಿಂದಿದ್ದು ಬೆರಳು ಸುಧಾರಿಸಿತು. ಎರಡು ರಜ್ಜುಗಳ ಸುದ್ದಿ ಬಂದಾಗ ಅವುಗಳನ್ನು ಹಿಡಿದಿಡುವ ಪಟ್ಟಿಗಳ ಪ್ರಸ್ತಾಪವೂ ಇರಲೆಂದು ಬರೆದೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ

ಎಲ್ಲರಿಗೂ ಕೃತಜ್ಞತೆಗಳು. ಗುರುಗಳು ಹೇಳಿದಂತೆ ಉಂಗುರ ಬೆರಳನ್ನು ಬಿಟ್ಟು ಪರೀಕ್ಷಿಸಿದೆ. ಉಂಗುರ ಬೆರಳಿನ ಜೊತೆಗೆ ಕಿರುಬೆರಳೂ ನಡುಗೆಣ್ಣಿನಲ್ಲಿ ಚೆನ್ನಾಗಿ ಮಡಿಯಿತು. ಅದರ ತುದಿಗೆಣ್ಣು ಸಡಿಲವಾಗಿಯೇ ಇತ್ತು. ಅಂದರೆ ರಜ್ಜು ಇದೆ, ಆದರೆ ಉಂಗುರ ಬೆರಳಿನ ರಜ್ಜುವಿಗೆ ಹೆಣೆದುಕೊಂಡಿದೆ ಎಂದು ತಿಳಿಯಬಹುದೇ? ಎಡಗೈಯ ಕಿರುಬೆರಳು ಮಾತ್ರ ಒಂಟಿಯಾಗಿಯೇ ಮಡಿಯುತ್ತದೆ.

ಈಗ ಹೊಸದೊಂದು ಗೊಂದಲ ಹುಟ್ಟಿಕೊಂಡಿದೆ. ತೋರುಬೆರಳನ್ನು ಪರೀಕ್ಷಿಸುವಾಗ ಉಳಿದ ಮೂರನ್ನೂ ಬಿಗಿಯಾಗಿ ಹಿಡಿದಿದ್ದರೂ ನನ್ನ ತೋರುಬೆರಳಿನ ತುದಿಗೆಣ್ಣು ಜೋತಾಡುವುದಿಲ್ಲ. ಬೇಕೆಂದಾಗ ಅದನ್ನು ಮಡಿಸಬಲ್ಲೆ. ಪ್ರೊಫಂಡಸ್ ಕಟ್ಟುಬಿದ್ದಿರಬೇಕಾಗಿತ್ತಲ್ಲವೇ? ಸಹಪಾಠಿಗಳಲ್ಲಿಯೂ ಹೀಗೆಯೇ ಆಯಿತು.

ಉತ್ತರ 4 – ಕೈ ಪುನಶ್ಚೇತನದಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್

ಕಿರುಬೆರಳಿನ ಬಗ್ಗೆ ನಿಮ್ಮ ತೀರ್ಮಾನ ಸರಿಯಾಗಿದೆ. ಎರಡು ಕೈಗಳಲ್ಲಿ ಬೇರೆ ಬೇರೆ ಫಲ ಬರುವುದೂ ಅಸಹಜವಲ್ಲ. ಇದನ್ನು ನೀವು ಈಗಲೇ ತಿಳಿದುಕೊಂಡದ್ದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಕಿರುಬೆರಳಿಗೆ ಗಾಯವಾಗಿ ಬಂದವರಲ್ಲಿ ಮೇಲಿನ ರಜ್ಜು ಕಡಿದಿದೆಯೋ, ಅಥವಾ ಹುಟ್ಟಿನಿಂದಲೇ ಹೀಗಿದೆಯೋ ಎಂಬ ಪ್ರಶ್ನೆ ಏಳುತ್ತದೆ. ಆಗ ಮೊದಲು ಗಾಯವಿಲ್ಲದ ಕೈಯನ್ನು ಪರೀಕ್ಷಿಸಬೇಕು. ಆದರೆ ನಿಮ್ಮ ಕೈಗಳೇ ತೋರಿಸಿಕೊಟ್ಟಂತೆ, ಇನ್ನೊಂದು ಕೈಯೂ ಪೂರ್ತಿ ಭರವಸೆಯ ಸಾಕ್ಷಿಯಲ್ಲ.

ತೋರುಬೆರಳಿನ ಗೊಂದಲಕ್ಕೆ ಕಾರಣ ಪ್ರೊಫಂಡಸ್‌ನ ರಚನೆಯಲ್ಲಿದೆ. ತೋರುಬೆರಳಿನ ಭಾಗ ಉಳಿದ ಮೂರರಿಂದ ಬಹುಮಟ್ಟಿಗೆ ಬೇರೆಯಾದ ಒಡಲಾಗಿರುತ್ತದೆ. ಆದ್ದರಿಂದ ಮೂರು ಬೆರಳುಗಳನ್ನು ಹಿಡಿದಿಟ್ಟರೂ ಅದು ಕಟ್ಟುಬೀಳುವುದಿಲ್ಲ. ನೀವು ಕಲಿತ ಪರೀಕ್ಷೆಯನ್ನು ತೋರುಬೆರಳಿನಲ್ಲಿ ನೆಚ್ಚಿಕೊಳ್ಳಲಾಗದು. ಅಲ್ಲಿ ಬೇರೊಂದು ಉಪಾಯವಿದೆ. ಒಂದು ಕಾಗದದ ಹಾಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಮೆತ್ತನೆಯ ಭಾಗಗಳ ನಡುವೆ ಬಿಗಿಯಾಗಿ ಹಿಡಿಯಲು ಹೇಳಿ, ಎದುರಿನಿಂದ ಎಳೆಯಿರಿ. ಮೇಲಿನ ಸ್ನಾಯು ಕೆಲಸ ಮಾಡುತ್ತಿದ್ದರೆ ತೋರುಬೆರಳಿನ ನಡುಗೆಣ್ಣು ಮಡಿದು, ತುದಿಗೆಣ್ಣು ನೆಟ್ಟಗಾಗಿ ಅಥವಾ ತುಸು ಹಿಂದಕ್ಕೆ ಬಾಗಿ ನಿಲ್ಲುತ್ತದೆ. ಅದು ಇಲ್ಲವಾದರೆ ಹಿಡಿಯುವ ಹೊಣೆಯೆಲ್ಲ ಪ್ರೊಫಂಡಸ್ ಮೇಲೆ ಬೀಳುವುದರಿಂದ ತುದಿಗೆಣ್ಣು ಮಡಿದುಕೊಳ್ಳುತ್ತದೆ.

ನರಗಳ ಹಂಚಿಕೆಯನ್ನೂ ಇದರ ಜೊತೆಗೇ ನೆನಪಿಡಿ. ಮೇಲಿನ ಸ್ನಾಯುವಿಗೆ ಪೂರ್ತಿಯಾಗಿ ಮೀಡಿಯನ್ ನರ. ಪ್ರೊಫಂಡಸ್‌ನಲ್ಲಿ ತೋರು ಮತ್ತು ನಡುಬೆರಳಿನ ಭಾಗಕ್ಕೆ ಮೀಡಿಯನ್ ನರದ ಶಾಖೆ, ಉಂಗುರ ಮತ್ತು ಕಿರುಬೆರಳಿನ ಭಾಗಕ್ಕೆ ಅಲ್ನಾರ್ ನರ. ಹೀಗಾಗಿ ಮೀಡಿಯನ್ ನರ ಮೊಣಕೈಯ ಬಳಿ ಹಾಳಾದವರು ಮುಷ್ಟಿ ಕಟ್ಟಲು ಹೋದರೆ ತೋರುಬೆರಳು ನೆಟ್ಟಗೆ ಉಳಿದುಬಿಡುತ್ತದೆ. ಅದೇ ನರ ಮಣಿಕಟ್ಟಿನಲ್ಲಿ ಹಾಳಾದರೆ ಹಾಗಾಗುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಸ್ನಾಯುಗಳಿಗೆ ಹೋಗುವ ಶಾಖೆಗಳು ಮೇಲೆಯೇ ಕವಲೊಡೆದಿರುತ್ತವೆ. ಗುರುಗಳು ಹೇಳಿದ ನಾರಿನ ಕಮಾನು ನರವನ್ನು ಒತ್ತುತ್ತಿದೆಯೆಂಬ ಸಂಶಯ ಬಂದಾಗ, ನಡುಬೆರಳನ್ನು ನಡುಗೆಣ್ಣಿನಲ್ಲಿ ಮಡಿಸಲು ಹೇಳಿ ಅದಕ್ಕೆ ಎದುರಾಗಿ ಒತ್ತುತ್ತೇವೆ. ಮುಂದೋಳಿನಲ್ಲಿ ನೋವು ಅಥವಾ ಅಂಗೈಯಲ್ಲಿ ಜುಮುಜುಮು ಕಾಣಿಸಿಕೊಂಡರೆ ಸಂಶಯ ಬಲವಾಗುತ್ತದೆ.

ವೈದ್ಯೆಯವರು ನಮ್ಮ ಪಾಲಿನ ಕೆಲಸವನ್ನು ಪ್ರಸ್ತಾಪಿಸಿದ್ದರಿಂದ ಒಂದು ಮಾತು. ರಜ್ಜು ಹೊಲಿದ ಮೇಲೆ ಬೆರಳುಗಳು ಪೂರ್ತಿ ಚಾಚದಂತೆ ಕೈಯ ಹಿಂಬದಿಗೆ ಆಸರೆಪಟ್ಟಿ ಕಟ್ಟಿ, ಸಾಮಾನ್ಯವಾಗಿ ಸುಮಾರು 6 ವಾರ ಅದರೊಳಗೇ ಅಳತೆ ಮೀರದಂತೆ ಆಡಿಸುತ್ತೇವೆ. ಭಾರ ಎತ್ತಲು ಸುಮಾರು 12 ವಾರ ಕಾಯಬೇಕು. ಆಡಿಸದಿದ್ದರೆ ರಜ್ಜು ಅಂಟಿಕೊಳ್ಳುತ್ತದೆ, ಹೆಚ್ಚು ಆಡಿಸಿದರೆ ಹೊಲಿಗೆ ಬಿಡುತ್ತದೆ. ನಾಲ್ಕನೆಯ ವಾರದಲ್ಲಿ ನೋವೆಲ್ಲ ಹೋಗಿ, ಇನ್ನೇನು ಗುಣವಾಯಿತೆಂದು ಪಟ್ಟಿ ಬಿಚ್ಚಿ ಬಟ್ಟೆ ಹಿಂಡಿದವರನ್ನು ನಾನು ಕಂಡಿದ್ದೇನೆ. ಮತ್ತೆ ಹರಿದ ರಜ್ಜುವನ್ನು ಎರಡನೆಯ ಸಲ ಹೊಲಿಯುವುದು ಮೊದಲಿನಷ್ಟು ಸುಲಭವಲ್ಲ. ರೋಗಿಗೆ ಈ ದಿನಗಳ ಲೆಕ್ಕವನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ, ಮನೆಯವರನ್ನೂ ಕೂರಿಸಿಕೊಂಡು ಹೇಳಿ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ

ಇಂದು ಛೇದನ ಕೊಠಡಿಯಲ್ಲಿ ಅನುಮತಿ ಪಡೆದು ನಮ್ಮ ಮೇಜಿನ ಶವದ ಎರಡೂ ಕೈಗಳ ಕಿರುಬೆರಳುಗಳನ್ನು ಬಿಡಿಸಿ ನೋಡಿದೆವು. ಎಡಗೈಯಲ್ಲಿ ಮೇಲಿನ ರಜ್ಜು ಸಪೂರವಾಗಿದ್ದರೂ ಸೀಳು ಸ್ಪಷ್ಟವಾಗಿತ್ತು. ಬಲಗೈಯಲ್ಲಿ ಅಂಗೈಯ ಮಟ್ಟದಲ್ಲಿಯೇ ಅದು ಉಂಗುರ ಬೆರಳಿನ ರಜ್ಜುವಿಗೆ ಒಂದು ಎಳೆಯಿಂದ ಕೂಡಿಕೊಂಡಿತ್ತು. ಉಂಗುರ ಬೆರಳಿನ ರಜ್ಜುವನ್ನು ಹಿಡಿದು ಮೆಲ್ಲಗೆ ಎಳೆದಾಗ ಎರಡು ಬೆರಳುಗಳೂ ಒಟ್ಟಿಗೆ ಮಡಿದವು.